ತಲೆಯಾಡಿಕೆಯ ದರಪಟ್ಟಿ

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯವರೆಗೆ, ಸೇಲಂ ಜಿಲ್ಲೆಯ ಮೊರಪ್ಪೂರು ರೈಲ್ವೆ ಸ್ಟೇಷನ್ನಿನ ಆಚೆಗಿದ್ದ ನಮ್ಮ ಕೆಂಚನಹಳ್ಳಿಯಲ್ಲಿ ಮಕ್ಕಳನ್ನು ನಗಿಸುವುದಕ್ಕೆ ಸರ್ಕಾರಿ ದರ ಇರಲಿಲ್ಲ. ಮಕ್ಕಳು ಮನಸ್ಸಿಗೆ ಬಂದ ಹಾಗೆ ನಗುತ್ತಿದ್ದರು. ಈ ಅವ್ಯವಸ್ಥೆಯನ್ನು ಸರಿಪಡಿಸಿದವರಲ್ಲಿ ನಾನೂ ಒಬ್ಬಳು ಎಂದು ಇಲ್ಲಿ ಹುಬ್ಬಳ್ಳಿಯಲ್ಲಿ ಮೊಮ್ಮಕ್ಕಳಿಗೆ ಹೇಳಿದರೆ ಅವು ನಗುತ್ತವೆ, ಅದೂ ಪುಕ್ಕಟೆಯಾಗಿ.

ಹುಟ್ಟುಹಬ್ಬ ಮಾಡುವ ಪದ್ಧತಿ ನಮ್ಮೂರಿಗೆ ಮೆಟ್ಟೂರು ಅಣೆಕಟ್ಟಿನಿಂದ ಬಂತು. ನಮ್ಮ ಪಂಚಾಯತ್ ಬೋರ್ಡಿನ ಪ್ರೆಸಿಡೆಂಟ್ ದೊಡ್ಡಣ್ಣನವರು ಅಣೆಕಟ್ಟಿಗೆ ಕಲ್ಲು ಒದಗಿಸುತ್ತಿದ್ದ ಕಾಲದಲ್ಲಿ, ಅಲ್ಲಿನ ಇಂಗ್ಲಿಷ್ ದೊರೆಯೊಬ್ಬರ ಮಗುವಿನ ಹುಟ್ಟುಹಬ್ಬಕ್ಕೆ ಸೇಲಂನಿಂದ ಜಾದೂಗಾರ ಬಂದದ್ದನ್ನು ಬೇಲಿಯಾಚೆ ನಿಂತು ನೋಡಿದ್ದರು. ಅಂದಿನಿಂದ ಅವರ ಆರು ಮಕ್ಕಳಿಗೂ ಹುಟ್ಟಿದ ದಿನಗಳು ಬಂದವು. ಜಾದೂಗಾರ ನಮ್ಮ ಊರಿನ ತನಕ ಬರುವವನಲ್ಲ. ಆದ್ದರಿಂದ ಕೋಲೆಬಸವನನ್ನು ಆಡಿಸುವ ಪಾಪಣ್ಣನನ್ನು ಕರೆಸುತ್ತಿದ್ದರು. ಪಾಪಣ್ಣ ಕೇಳಿದ್ದಕ್ಕೆಲ್ಲ ಅವನ ಎತ್ತು ತಲೆಯಾಡಿಸುತ್ತಿತ್ತು. ಅವನಿಗೆ ಒಂದು ಮೊರ ರಾಗಿ, ಎತ್ತಿನ ಬೆನ್ನ ಮೇಲೆ ಹೊದಿಸಲು ಮನೆಗೊಂದು ಹಳೇ ಸೀರೆ. ಅಷ್ಟಕ್ಕೆ ಮುಗಿಯುತ್ತಿತ್ತು.

ನನ್ನ ಮಗಳು ಸಪ್ಪಲಮ್ಮನಿಗೆ ಆ ಕಾರ್ತಿಕದಲ್ಲಿ ಐದು ತುಂಬುವುದಿತ್ತು. ಬಸವ ನಮ್ಮ ಮನೆ ಬಾಗಿಲಿಗೆ ಬರಬೇಕು, ತಾನು ಕೇಳಿದ್ದಕ್ಕೆ ಹೂಂ ಅನ್ನಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ರಾಗಿ ಮನೆಯಲ್ಲಿತ್ತು. ಸೀರೆಯೂ ಹಳೆಯದಾಗಿತ್ತು. ನಾನು ಸುಮ್ಮನಿರಬಹುದಿತ್ತು.

ಆದರೆ ನಾನು ಬೋರ್ಡಿನ ಲೇಡಿ ಮೆಂಬರ್ ಆಗಿದ್ದೆ. ಬೋರ್ಡಿನಲ್ಲಿ ಹೆಂಗಸೊಬ್ಬಳು ಇರತಕ್ಕದ್ದು ಎಂದು ಕಾಗದ ಬಂದಾಗ ಊರಿನಲ್ಲಿ ಸಹಿ ಹಾಕಬಲ್ಲ ಹೆಂಗಸು ನಾನೊಬ್ಬಳೇ. ಸಭೆಯ ಕಾಗದಗಳು ಇಂಗ್ಲಿಷಿನಲ್ಲಿ, ಚರ್ಚೆ ತಮಿಳಿನಲ್ಲಿ. ನನಗೆ ತರಕಾರಿ ಕೊಳ್ಳುವಷ್ಟು ತಮಿಳು ಬರುತ್ತಿತ್ತು, ಕಾನೂನು ಮಾಡುವಷ್ಟು ಬರುತ್ತಿರಲಿಲ್ಲ. ಪ್ರೆಸಿಡೆಂಟರು ನನ್ನ ಕಡೆ ನೋಡಿದಾಗಲೆಲ್ಲ ತಲೆಯಾಡಿಸುತ್ತಿದ್ದೆ. ಹೀಗಾಗಿ ನಮ್ಮ ಬೋರ್ಡಿನಲ್ಲಿ ಎಂದೂ ಭಿನ್ನಮತ ಬರಲಿಲ್ಲ.

ಒಂದು ಮಂಗಳವಾರ, ನನಗೂ ಬಾಯಿ ಇದೆ ಎಂದು ತೋರಿಸುವ ಆಸೆಯಾಯಿತು.

"ಮಗೂಗೆ ಐದು ತುಂಬ್ತದೆ ದೊಡ್ಡಣ್ಣ. ಪಾಪಣ್ಣನ್ನ ಕರೀಬೇಕು. ಎಷ್ಟು ಕೊಟ್ರೆ ನ್ಯಾಯ?" ಎಂದು ಸಭೆಯಲ್ಲೇ ಕನ್ನಡದಲ್ಲಿ ಕೇಳಿದೆ.

"ಒಳ್ಳೇ ಮಾತು ಎತ್ತಿದೆ ಮುನಿರತ್ನಮ್ಮ," ಅಂದರು ದೊಡ್ಡಣ್ಣ. "ಒಬ್ರು ರಾಗಿ ಕೊಡ್ತಾರೆ, ಒಬ್ರು ಉಳ್ಳಿ ಕಾಳು ಕೊಡ್ತಾರೆ. ಇದಕ್ಕೊಂದು ರೇಟು ಬ್ಯಾಡ್ವಾ?"

ನಾನು ತಲೆಯಾಡಿಸಿದೆ. ಗುಮಾಸ್ತ ಅರುಣಾಚಲಂ ಮರುದಿನವೇ ಆಫೀಸಿನ ಗೋಡೆಗೆ ಅಂಟಿಸಿದರು:

"ಪ್ರಕಟಣೆ. ಹುಟ್ಟುಹಬ್ಬದ ವಿನೋದಕ್ಕೆ ಬರುವ ಎತ್ತು ಮೇಲೆ ಕೆಳಗೆ ತಲೆಯಾಡಿಸಿದಲ್ಲಿ ಸಲಕ್ಕೆ ಒಂದು ಕಾಸು ಸಲ್ಲುವುದು. ಅಡ್ಡಡ್ಡ ಆಡಿಸಿದಲ್ಲಿ, ಶುಭದಿನದಂದು ಇಲ್ಲವೆಂದ ಕಾರಣ, ಅರ್ಧ ಕಾಸು ಕಡಿತ. ನೊಣ ಓಡಿಸಲು ಆಡಿಸಿದ್ದು ಲೆಕ್ಕಕ್ಕಿಲ್ಲ. ಎತ್ತು ಲೈಸೆನ್ಸಿಗೆ ಅರ್ಜಿ ಸಲ್ಲಿಸತಕ್ಕದ್ದು. ಫಾರಂ ಎರಡಾಣೆ, ಪ್ರೆಸಿಡೆಂಟರ ತಮ್ಮನ ಅಂಗಡಿಯಲ್ಲಿ ಮಾತ್ರ ದೊರೆಯುವುದು. ಮೂರು ಎತ್ತುಗಳ ಟೆಂಡರು ಬಂದ ಹೊರತು ಯಾವ ಎತ್ತನ್ನೂ ಗೊತ್ತುಮಾಡಕೂಡದು. ಮೀರಿದ ಮನೆಯವರಿಗೆ ಐದು ರೂಪಾಯಿ ದಂಡ."

ಪಾಪಣ್ಣ ಎತ್ತಿನ ಸಮೇತ ಆಫೀಸಿಗೆ ಬಂದ.

"ಮೂರು ಎತ್ತು ಎಲ್ಲಿಂದ ತರ್ಲಿ ಸಾಮಿ? ನಂತಾವ ಒಂದೇ ಐತೆ."

"ಇದೇ ಎತ್ತು ಮೂರು ಅರ್ಜಿ ಹಾಕಬೌದಾ?" ಎಂದು ನಾನು ಕೇಳಿದೆ. ಎಷ್ಟಾದರೂ ತಾಯಿ.

"ಹಾಕಲಿ ಅಮ್ಮಾ, ಪರವಾಯಿಲ್ಲೆ," ಅಂದರು ಅರುಣಾಚಲಂ. "ಆದ್ರೆ ಮೂರು ಅರ್ಜೀಲಿ ಮೂರು ರೇಟು ಇರಬೇಕು. ಒಂದೇ ಎತ್ತು ಮೂರು ರೇಟು ಹೇಳಿದ್ರೆ ಅದು ಮೋಸ. ಮೋಸ ಮಾಡಿದ ಎತ್ತಿಗೆ ಲೈಸೆನ್ಸ್ ಕೊಡೋದಿಲ್ಲ."

ಪಾಪಣ್ಣ ನನ್ನ ಕಡೆ ತಿರುಗಿದ. "ನೀನಾದ್ರೂ ಏಳವ್ವ. ಇದಕ್ಕೆಲ್ಲ ನೀನೂ ಒಪ್ಪಿದ್ಯಾ?"

ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ. ಅವನು ಒಮ್ಮೆ ಎತ್ತನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ನಮ್ಮ ಬಸವಂಗೆ ಇದನ್ನ ಕಲಿಸಾಕೆ ಎರಡು ವರ್ಸ ಇಡೀತು ತಾಯಿ," ಅಂದು, ಎತ್ತನ್ನು ಹೊಡೆದುಕೊಂಡು ಹೊಗೆನಕಲ್ ಕಡೆ ಹೋದ.

ಹುಟ್ಟುಹಬ್ಬದ ದಿನ ಸಪ್ಪಿ ಬೆಳಗಿನಿಂದ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಆಫೀಸಿಗೆ ಹೋಗಿ ಅಂಗಲಾಚಿದೆ.

"ಮಗು ಮನಸ್ಸು ನೋಯಬಾರ್ದು," ಅಂದರು ದೊಡ್ಡಣ್ಣ. "ತಲೆಯಾಡ್ಸೋರು ಬೇಕು, ಅಷ್ಟೇ ತಾನೆ? ಎತ್ತೇ ಆಗಿರ್ಬೇಕು ಅಂತ ರೂಲ್ಸ್‌ನಾಗೆ ಐತಾ ಅರುಣಾಚಲಂ?"

ಅರುಣಾಚಲಂ ನಡವಳಿ ಪುಸ್ತಕ ತಿರುವಿದರು. "ಇಲ್ಲ. ಆದ್ರೆ ಇಲ್ಲಿ ನೋಡಿ. ಎರಡು ವರ್ಷದಲ್ಲಿ ನಮ್ಮ ಲೇಡಿ ಮೆಂಬರ್ ಇನ್ನೂರ ಹನ್ನೊಂದು ಸಲ ತಲೆಯಾಡಿಸಿದ್ದಾರೆ. ಎಲ್ಲಾ ಮೇಲೆ ಕೆಳಗೆ. ಅಡ್ಡ ಒಂದೂ ಇಲ್ಲ. ಇಂಥ ಅನುಭವ ಇರೋರಿಗೆ ಟೆಂಡರು ಬೇಕಾಗೋದಿಲ್ಲ."

"ಪಾಪಣ್ಣನ ಬಸವನಿಗಿಂತ ಒಂದು ಕೈ ಮೇಲು," ಅಂದರು ದೊಡ್ಡಣ್ಣ. "ಏನಮ್ಮಾ, ಒಪ್ಪಿಗೇನಾ?"

ಇನ್ನೂರ ಹನ್ನೆರಡು.

ಹಳೇ ಸೀರೆ ಬೆನ್ನಿಗೆ ಹೊದ್ದು, ಬಗ್ಗಿ, ನನ್ನ ಮನೆಯ ಬಾಗಿಲಿಗೆ ನಾನೇ ಬಂದು ನಿಂತೆ. ಬೀದಿಯ ಮಕ್ಕಳೆಲ್ಲ ನೆಲಕ್ಕೆ ಬಿದ್ದು ನಕ್ಕವು. ಅರುಣಾಚಲಂ ಗೋಡೆಗೆ ಒರಗಿ ಎಣಿಸುತ್ತಿದ್ದರು. ಸಪ್ಪಿ ಸೀರೆಯ ಅಂಚು ಎತ್ತಿ ನೋಡಿದಳು.

"ಅವ್ವಾ, ಇದು ನೀನು."

ತಲೆಯಾಡಿಸಿದೆ.

"ಬಸವ ಬರ್ತದಾ?"

ಇಲ್ಲವೆಂದರೆ ಅರ್ಧ ಕಾಸು ಕಡಿತ. ಮೇಲೆ ಕೆಳಗೆ ಆಡಿಸಿದೆ. ಅವಳು ನಗಲಿಲ್ಲ. ಸೀರೆಯ ಅಂಚನ್ನು ಮೆಲ್ಲಗೆ ಬಿಟ್ಟು ಮತ್ತೆ ಹೊಸ್ತಿಲ ಮೇಲೆ ಹೋಗಿ ಕೂತಳು. ಅಂದು ಬೋರ್ಡಿನಿಂದ ನನಗೆ ಮೂವತ್ತೊಂದು ಕಾಸು ಬಂತು.

ಸಂಭಾವನೆ ಮುಟ್ಟಿದ ಕೂಡಲೇ ನಾನು ಕಂಟ್ರಾಕ್ಟುದಾರಳಾದೆ. ಕಂಟ್ರಾಕ್ಟುದಾರರು ಮೆಂಬರ್ ಆಗಿರಕೂಡದೆಂಬ ನಿಯಮವಿತ್ತು. ಈ ನಿಯಮವನ್ನು ನಮ್ಮ ಬೋರ್ಡು ಪಾಲಿಸಿದ್ದು ಅದೇ ಮೊದಲು, ಅದೇ ಕೊನೆ. ನನ್ನ ಸ್ಥಾನ ತೆರವಾಯಿತು. ನನಗೇನೂ ನಷ್ಟವಾಗಲಿಲ್ಲ. ಆ ವರ್ಷ ಒಂಬತ್ತು ಹುಟ್ಟುಹಬ್ಬ ಗೊತ್ತಾದವು, ಅವುಗಳಲ್ಲಿ ಪ್ರೆಸಿಡೆಂಟರ ಮನೆಯವೇ ಆರು. ನಷ್ಟವಾದದ್ದು ಬೋರ್ಡಿಗೆ. ಯಾರ ಕಡೆ ನೋಡಿದರೂ ಹೂಂ ಅನ್ನುವವರಿಲ್ಲದೆ ಮೂರು ಸಭೆಗಳು ನಿಂತುಹೋದವು.

ಕೊನೆಗೆ ದೊಡ್ಡಣ್ಣನವರು ಹೊಗೆನಕಲ್‌ಗೆ ಗಾಡಿ ಕಳಿಸಿ ಪಾಪಣ್ಣನನ್ನು ಗೌರವದಿಂದ ಕರೆಸಿದರು. ಎತ್ತನ್ನು ಮೆಂಬರ್ ಮಾಡಲಾಯಿತು. ಮೆಂಬರಿಗೆ ಲೈಸೆನ್ಸ್ ಬೇಕಿರಲಿಲ್ಲ. ಅದರ ಬೆನ್ನ ಮೇಲೆ ಹನ್ನೆರಡು ಮನೆಯ ಸೀರೆಗಳಿದ್ದುದರಿಂದ ಲೇಡಿ ಮೆಂಬರ್ ಎಂಬುದಕ್ಕೂ ಯಾರೂ ಆಕ್ಷೇಪ ಎತ್ತಲಿಲ್ಲ.

ಮುಂದಿನ ಮಂಗಳವಾರ ಸಪ್ಪಿಯನ್ನು ಎತ್ತಿಕೊಂಡು ಹೋಗಿ ಆಫೀಸಿನ ಕಿಟಕಿಯ ಹತ್ತಿರ ನಿಂತೆ.

"ಹೊಸ ಬಾವಿ ತೋಡೋ ಕೆಲಸ ನನ್ನ ತಮ್ಮನಿಗೇ ಕೊಡೋಣವಾ?" ಎಂದು ದೊಡ್ಡಣ್ಣ ಕೇಳಿದರು. ಪಾಪಣ್ಣ ಹಗ್ಗ ಅಲ್ಲಾಡಿಸಿದ. ಎತ್ತು ತಲೆಯಾಡಿಸಿತು. ಸಪ್ಪಿ ಗಟ್ಟಿಯಾಗಿ ನಕ್ಕಳು. ಆಮೇಲೆ ಕಂಬಿಗಳ ನಡುವೆ ಮುಖ ತೂರಿಸಿದಳು.

"ಬಸವಣ್ಣ, ನಮ್ಮನೇಗೆ ಬರ್ತೀಯಾ?"

ಪಾಪಣ್ಣ ಒಂದು ಗಳಿಗೆ ನನ್ನನ್ನೇ ನೋಡಿ, ಹಗ್ಗ ಅಲ್ಲಾಡಿಸಿದ. ಎತ್ತು ಮತ್ತೆ ತಲೆಯಾಡಿಸಿತು. ಅರುಣಾಚಲಂ ಅದನ್ನೂ ಬರೆದುಕೊಂಡರು: ಲೇಡಿ ಮೆಂಬರ್ ಅವರ ತನಿಖಾ ಪ್ರವಾಸ, ನಾಳೆ ಬೆಳಗ್ಗೆ, ಮುನಿರತ್ನಮ್ಮನ ಮನೆ, ಭತ್ಯೆ ಸಹಿತ, ಸರ್ವಾನುಮತ. ಸಪ್ಪಿ ಅಷ್ಟರಲ್ಲಿ ನನ್ನ ಕಂಕುಳಿನಿಂದ ಜಾರಿ, ಬಾಗಿಲ ಮುಂದಿನ ಕಸ ಗುಡಿಸಬೇಕೆಂದು ಮನೆಗೆ ಓಡಿದ್ದಳು.