ನನಗಾಗದ ನನ್ನ ಆಪರೇಷನ್

ಹಿಟ್ಟಿನ ಗಿರಣಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಕೊಟ್ಟೂರಿನಲ್ಲಿ ಗಿರಣಿ ಇಟ್ಟುಕೊಂಡು, ತಲೆಗೂದಲು ವಯಸ್ಸಿಗೆ ಬೆಳ್ಳಗಾಯಿತೋ ಜೋಳದ ಹಿಟ್ಟಿಗೆ ಬೆಳ್ಳಗಾಯಿತೋ ತಿಳಿಯದ ಹಾಗೆ ದುಡಿದವನು ನಾನು. ಆದ್ದರಿಂದ ಈ ಒಂದು ವಿಷಯದಲ್ಲಾದರೂ ನನ್ನ ಮಾತು ನಂಬಬಹುದು. ಕಿರಾಣಿ ಅಂಗಡಿಯಲ್ಲಾದರೆ ಗಿರಾಕಿ ಗಲ್ಲಾದ ಮೇಲೆ ಬಗ್ಗಿ, ಅಕ್ಕಪಕ್ಕ ನೋಡಿ, ಮೆಲ್ಲಗೆ ಒಂದು ಮಾತು ಉಸುರಬಹುದು. ನಮ್ಮಲ್ಲಿ ಮೋಟಾರು ಗುಂಯ್ ಅನ್ನುತ್ತಿರುತ್ತದೆ, ಚಕ್ರ ತಿರುಗಿಸುವ ಪಟ್ಟಾ ಪಟಪಟ ಬಡಿಯುತ್ತಿರುತ್ತದೆ, ಕಲ್ಲು ಒಳಗೇ ಗುಡುಗುತ್ತಿರುತ್ತದೆ. ಸಣ್ಣಗೆ ಬೀಸು ಅನ್ನುವುದನ್ನೂ ಕೂಗಿಯೇ ಹೇಳಬೇಕು. ಒಮ್ಮೆ ಒಬ್ಬ ಸೊಸೆ ತನ್ನ ಗೆಳತಿಗೆ ಅತ್ತೆಯ ಆರೋಗ್ಯದ ಬಗ್ಗೆ ಕೂಗಿ ಹೇಳುತ್ತಿದ್ದಾಗ ಕರೆಂಟು ಹೋಯಿತು. ಗಿರಣಿ ಗಪ್ಪಾಯಿತು, ಆಕೆಯ ಬಾಯಿ ಗಪ್ಪಾಗಲಿಲ್ಲ. "ಆ ಮುದುಕಿಗೆ ಏನೂ ಆಗಂಗಿಲ್ಲ ಬಿಡು, ಬೀಸೋ ಕಲ್ಲಿನಂಗ ಅದಾಳ" ಅನ್ನುವುದು ಓಣಿಯ ಕೊನೆಯವರೆಗೂ ಕೇಳಿತು. ಅತ್ತೆ ಜೋಳದ ಪುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವತ್ತಿನಿಂದ ಆ ಮನೆಯ ಜೋಳ ಬೇರೆ ಗಿರಣಿಗೆ ಹೋಯಿತು. ನನ್ನ ತಪ್ಪೇನಿತ್ತು, ಕರೆಂಟಿನ ತಪ್ಪು.

ಇಂಥ ಜಾಗದಲ್ಲಿ ನಿಂತು ನಾನು ಹೆಂಡತಿಯ ಗರ್ಭಕೋಶದ ಸಂಗತಿಯನ್ನು ಬಚ್ಚಿಡಬೇಕಾಗಿ ಬಂತು.

ನಮ್ಮ ಮನೆಯಾಕೆ ನೀಲಮ್ಮನಿಗೆ ಒಂದೂವರೆ ವರ್ಷದಿಂದ ತಿಂಗಳ ತೊಂದರೆ ಹೆಚ್ಚಾಗಿತ್ತು. ಹೆಂಗಸರ ವಿಷಯ ಎಂದು ಆಕೆ ಹೇಳಲಿಲ್ಲ, ಹೆಂಗಸರ ವಿಷಯ ಎಂದು ನಾನು ಕೇಳಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದು ದಿನ ಗೋಡೆ ಹಿಡಿದು ಕುಳಿತಾಗ ಹರಪನಹಳ್ಳಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಸ್ಕ್ಯಾನಿಂಗಿಗೆ ದಾವಣಗೆರೆಗೆ ಕಳಿಸಿದರು. ಆ ಫೋಟೋ ತಂದು ತೋರಿಸಿದರೆ, ಅದರಲ್ಲಿ ನನಗೆ ಕಂಡದ್ದು ಮೋಡ ಮಾತ್ರ, ಡಾಕ್ಟರಮ್ಮನಿಗೆ ಗಡ್ಡೆ ಕಂಡಿತು. ಕೆಟ್ಟ ಗಡ್ಡೆಯಲ್ಲ, ಹೆದರುವ ಕಾರಣವಿಲ್ಲ, ಆದರೆ ಮೈಯಲ್ಲಿ ರಕ್ತ ಸೋರಿ ಹೋಗುತ್ತಿದೆ, ಕೋಶದ ಸಮೇತ ತೆಗೆದುಬಿಡೋಣ ಎಂದರು. ಎಷ್ಟು ದೊಡ್ಡದು ಎಂದು ನಾನು ಕೇಳಿದ್ದಕ್ಕೆ, ಒಂದು ಮಾವಿನಕಾಯಿಯಷ್ಟು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಮಾವಿನಹಣ್ಣಿನ ತಳ್ಳುಗಾಡಿ ಕಾಣಿಸಿತು. ನೀಲಮ್ಮ ಮುಖ ಈ ಕಡೆ ತಿರುಗಿಸಿಕೊಂಡಳು. ಆ ವರ್ಷ ನಮ್ಮ ಮನೆಗೆ ಮಾವಿನಹಣ್ಣು ಬರಲಿಲ್ಲ.

ಡಾಕ್ಟರಮ್ಮ ಕೊಟ್ಟ ಮೊದಲ ತಾರೀಖಿಗೆ ನೀಲಮ್ಮ ಶಾವಿಗೆ ಹೊಸೆಯುವುದಿದೆ ಎಂದಳು. ಎರಡನೆಯದಕ್ಕೆ ತನ್ನ ಅಣ್ಣನ ಮನೆಯ ಗೃಹಪ್ರವೇಶ ಎಂದಳು. ಆ ಮನೆಗೆ ಇನ್ನೂ ಬಾಗಿಲೇ ಕೂಡಿಸಿರಲಿಲ್ಲ. ಮೂರನೆಯ ಸಲ ಡಾಕ್ಟರಮ್ಮ ನನಗೇ ಹೇಳಿದರು: ಇನ್ನು ತಡ ಮಾಡಿದರೆ ಆಪರೇಷನ್ ತಡೆದುಕೊಳ್ಳುವಷ್ಟು ರಕ್ತವೂ ಮೈಯಲ್ಲಿ ಉಳಿಯುವುದಿಲ್ಲ, ಈ ಭಾನುವಾರ ಸಂಜೆ ಬಂದು ಸೇರಿಕೊಳ್ಳಲೇಬೇಕು. ನೀಲಮ್ಮ ಹೂಂ ಅಂದಳು. ಆದರೆ ಆ ಹೂಂ ನನಗೆ ಗೊತ್ತು. ಸಾಲ ಕೇಳಿದವರಿಗೆ ನಾನು ಅನ್ನುವ ಹೂಂ ಅದು. ಮನೆಗೆ ಬಂದವಳೇ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಯಾರು ಬರುತ್ತಾರೆ ಎಂದರೆ ಯಾರೂ ಇಲ್ಲ. ತಿಕ್ಕಿದ್ದನ್ನೇ ತಿಕ್ಕಿದಳು.

ನನ್ನ ಧೈರ್ಯದ ಬಗ್ಗೆ ಇಲ್ಲಿ ಎರಡು ಮಾತು ಹೇಳಿಬಿಡುತ್ತೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮನೆಯ ಕಷ್ಟಕ್ಕೆ ಬಿಟ್ಟೆ ಎಂದು ಊರವರು ತಿಳಿದಿದ್ದಾರೆ. ಕಷ್ಟ ಇದ್ದದ್ದು ನಿಜ. ಆದರೆ ಬಿಟ್ಟ ದಿನ ಶಾಲೆಗೆ ಸೂಜಿ ಚುಚ್ಚುವವರು ಬಂದಿದ್ದರು ಎನ್ನುವುದೂ ನಿಜ. ಅವರು ಬಾಗಿಲಲ್ಲಿ ಬಂದರು, ನಾನು ಕಿಟಕಿಯಲ್ಲಿ ಹೋದೆ. ಮರುದಿನ ನಮ್ಮಪ್ಪ ಗಿರಣಿಯಲ್ಲಿ ಜೋಳ ಸುರಿಯಲು ನಿಲ್ಲಿಸಿದ, ಅಲ್ಲೇ ನಿಂತೆ. ಆಮೇಲೆ ಯಾರ ಮುಂದೂ ಕೈಚಾಚದೆ ಗಿರಣಿಯನ್ನು ನನ್ನದೇ ಮಾಡಿಕೊಂಡೆ, ಮಗಳನ್ನು ಓದಿಸಿ ಹಡಗಲಿ ಊರಿಗೆ ಮದುವೆ ಮಾಡಿ ಕೊಟ್ಟೆ. ಹೀಗಾಗಿ ನನಗೆ ಸೂಜಿಯೊಂದು ಬಿಟ್ಟರೆ ಬೇರೆ ಯಾವುದರ ಭಯವೂ ಇಲ್ಲ.

ಒಂದು ವಾರ ಗಿರಣಿ ಮುಚ್ಚಬೇಕಾಗಿತ್ತು. ಗಿರಣಿ ಮುಚ್ಚುವುದೆಂದರೆ ಬೀಡಿ ಅಂಗಡಿ ಮುಚ್ಚಿದ ಹಾಗಲ್ಲ, ನಾಲ್ಕು ಓಣಿಯ ರೊಟ್ಟಿಯ ಪ್ರಶ್ನೆ. ಬೇಕಾದಷ್ಟು ಈಗಲೇ ಬೀಸಿಕೊಂಡು ಹೋಗಿರೆಂದು ಕೂಗಿ ಹೇಳಿದೆ. ಯಾಕೆ ಎಂದು ಅವರು ಕೂಗಿ ಕೇಳಿದರು. ಆಪರೇಷನ್ ಐತಿ ಎಂದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಪುಟ್ಟಿ ಕೆಳಗಿಟ್ಟು, ಯಾರಿಗೆ, ಏನು ಎಂದು ಒಂದೇ ಸಲ ಕೂಗಿದರು. ಹೇಳುವುದು ಹೇಗೆ? ಆ ಮಾತನ್ನು ನಾನು ಮನೆಯಲ್ಲಿ ಕದ ಹಾಕಿಕೊಂಡು ಹೆಂಡತಿಯ ಮುಂದೆಯೇ ಪೂರ್ತಿ ಉಚ್ಚರಿಸಿರಲಿಲ್ಲ. ಅದನ್ನು ಪಟ್ಟಾದ ಸದ್ದಿನ ಮೇಲೆ ಕೂಗಿ ಹೇಳಿ, ಅಷ್ಟರಲ್ಲಿ ಕರೆಂಟು ಹೋದರೆ? ಹಿಟ್ಟು ಮೆತ್ತಿದ ಬೆರಳನ್ನು ಎತ್ತಿ ನನ್ನ ಎದೆಗೇ ಇಟ್ಟು ತೋರಿಸಿಬಿಟ್ಟೆ. ಎಲ್ಲಿ ಎಂದು ಕೇಳಿದರು. ಹರಪನಹಳ್ಳಿ, ಡಾಕ್ಟರಮ್ಮನ ಹತ್ತಿರ ಎಂದೆ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಮೇಲೆ ಎಷ್ಟು ಮರುಕ ಈ ತಾಯಂದಿರಿಗೆ ಎಂದುಕೊಂಡು ಅವತ್ತು ಎಲ್ಲರ ಜೋಳವನ್ನೂ ಇನ್ನಷ್ಟು ಸಣ್ಣಗೆ ಬೀಸಿಕೊಟ್ಟೆ.

ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ನಕ್ಕಳು. ಎಷ್ಟೋ ದಿನದ ಮೇಲೆ ಆಕೆಯ ಹಲ್ಲು ಕಂಡವು. "ಹಂಗಾದ್ರ ಮಂದಿ ಮಾತಾಡಸಾಕ ಬರ್ತಾರ. ನೀವು ಮಲಕ್ಕೊಂಡಿರ್ರಿ" ಎಂದು ಪಡಸಾಲೆಯಲ್ಲಿ ನನಗೆ ಹಾಸಿಗೆ ಹಾಸಿದಳು.

ಮಂದಿ ಬಂದರು. ಬ್ರೆಡ್ಡು, ಬಾಳೆಹಣ್ಣು, ಎಳನೀರು ಬಂದವು. ಹಗಲಿಡೀ ಜೋಳದ ಚೀಲ ಎತ್ತಿ, ಸಂಜೆ ಮೈಮೇಲೆ ಶಾಲು ಹೊದ್ದು ರೋಗಿಯಾಗುವುದು ಸುಲಭದ ಕೆಲಸವಲ್ಲ. ಯಾವ ಮುಖ ಮಾಡಬೇಕೋ ತಿಳಿಯದೆ ಫೋಟೋ ತೆಗೆಸಿಕೊಳ್ಳುವವನ ಹಾಗೆ ಕೂತಿರುತ್ತಿದ್ದೆ. ಏನು ಆಪರೇಷನ್ ಎಂದು ಗಂಡಸರು ಕೇಳಿದರೆ ಹೊಟ್ಟೆಯದು ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಶೇಂಗಾ ವ್ಯಾಪಾರದ ವೀರಪ್ಪ ಬಂದು, ಯಾವುದೋ ಊರಲ್ಲಿ ಯಾರದೋ ಹೊಟ್ಟೆಯಲ್ಲಿ ಕತ್ತರಿ ಮರೆತು ಹೊಲಿದದ್ದನ್ನೂ, ಆ ಮನುಷ್ಯ ಎದ್ದು ಕೂತಾಗಲೆಲ್ಲ ಟಿಣ್ ಎನ್ನುತ್ತಿದ್ದದ್ದನ್ನೂ ಬಾಳೆಹಣ್ಣು ಸುಲಿಯುತ್ತ ವಿವರಿಸಿದ. ತಾನೇ ತಂದ ಬಾಳೆಹಣ್ಣು. ಒಳಗೆ ಹಿತ್ತಾಳೆ ತಿಕ್ಕುವ ಸದ್ದು ನಿಂತುಹೋಯಿತು. ನಾನು ಜೋರಾಗಿ ಕೆಮ್ಮಿ ವೀರಪ್ಪನನ್ನು ಸಾಗಹಾಕಿದೆ.

ನೀಲಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಚಹಾ ಕೊಡಲು ಬಂದಾಗ ಬಂದವರಿಗೆ ನನ್ನ ಸ್ಥಿತಿ ಹೇಳುತ್ತಿದ್ದಳು. ಅವರಿಗೆ ರಾತ್ರಿ ನಿದ್ದೆ ಇಲ್ಲ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಹೋಗುವುದೇ ಬೇಡ ಅನ್ನುತ್ತಾರೆ ಎಂದು. ಮೊದಲ ದಿನ ನನ್ನ ಮರ್ಯಾದೆ ಕಳೆಯುತ್ತಾಳಲ್ಲ ಎಂದು ಸಿಟ್ಟು ಬಂತು. ನಾನು ಗಡದ್ದಾಗಿ ಉಂಡು ಮಲಗುವವನು. ಎರಡನೆಯ ದಿನ ಆಕೆಯ ತಟ್ಟೆಯಲ್ಲಿ ಹಾಗೇ ಉಳಿದ ರೊಟ್ಟಿ ನೋಡಿದೆ. ಆಮೇಲೆ ಆಕೆ ನನ್ನ ಬಗ್ಗೆ ಏನು ಹೇಳಿದರೂ ಹೌದು ಹೌದು ಎಂದು ಗೋಣು ಹಾಕಿದೆ.

ಎಲ್ಲರಿಗಿಂತ ಹೆಚ್ಚು ಸಲ ಬಂದವನು ನಮ್ಮ ಪಕ್ಕದ ಮನೆಯ ಬಾಬುಸಾಬ್. ವೆಲ್ಡಿಂಗ್ ಅಂಗಡಿಯವನು, ಮಾತು ಕಡಿಮೆ. ಅವನ ಹೆಂಡತಿ ಮಾಬೂಬಿಗೂ ನೀಲಮ್ಮನಿಗೂ ಗೋಡೆಯ ಮೇಲಿಂದ ಸಾರು ಪಲ್ಯ ದಾಟುವಷ್ಟು ಬಳಕೆ. ಆದರೆ ಇಂಥ ವಿಷಯ ಆ ಗೋಡೆಯನ್ನೂ ದಾಟಿರಲಿಲ್ಲ. ಬಾಬುಸಾಬ್ ಬಂದು ಕುಳಿತ, ನೆಲ ನೋಡಿದ, ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ.

"ಅಣ್ಣಾರ, ಹೆದರಬ್ಯಾಡ್ರಿ. ನಮ್ಮ ಪೈಕಿ ಒಬ್ಬರಿಗೆ ಇದ ಆಗಿತ್ತು, ಈಗ ಕಲ್ಲುಗುಂಡಿನಂಗ ಅದಾರ. ಆದ್ರ ಆಪರೇಷನ್ ಆದ ಮ್ಯಾಲೆ ಎರಡು ಮೂರು ತಿಂಗಳ ಕೊಡ ಎತ್ತಬಾರದು. ರುಬ್ಬೋ ಗುಂಡು ತಿರುವಬಾರದು. ಬಗ್ಗಿ ಕಸ ಹೊಡೀಬಾರದು."

ನನಗೆ ಆಶ್ಚರ್ಯವಾಯಿತು. ನಾನು ಯಾವ ಜನ್ಮದಲ್ಲಿ ಕೊಡ ಎತ್ತಿದ್ದೆ? ಕಬ್ಬಿಣ ಸುಟ್ಟು ಸುಟ್ಟು ಇವನ ತಲೆಗೂ ಕಾವು ಏರಿದೆ ಎಂದುಕೊಂಡೆ. "ನಾನ್ಯಾಕ ಕೊಡ ಎತ್ತಲಿ ಬಾಬಣ್ಣ" ಎಂದರೆ, "ಹೇಳಿದ್ದೀನ್ರಿ, ಅಷ್ಟ" ಎಂದು ಎದ್ದು ಹೋದ.

ಅವತ್ತು ಊಟಕ್ಕೆ ಬಡಿಸುತ್ತ ನೀಲಮ್ಮ ಕೇಳಿದಳು. ತಟ್ಟೆ ನೋಡುತ್ತ ಕೇಳಿದಳು, ನನ್ನನ್ನು ನೋಡಲಿಲ್ಲ. "ಬಾಬಣ್ಣನ್ನ ಒಂದು ಮಾತು ಕೇಳಬೇಕಿತ್ತು ನೀವು. ಎಚ್ಚರ ತಪ್ಪಸ್ತಾರಲ್ಲ, ಮತ್ತ ಎಚ್ಚರ ಆಗೇ ಆಗ್ತೈತಿ ಅನ್ನೋದು ಹೆಂಗ ಗೊತ್ತು?"

ಗಿರಣಿಯ ಮೋಟಾರು ಆರಿಸಿದ ಮೇಲೆ ಮತ್ತೆ ಹಚ್ಚಿದರೆ ಹತ್ತುವುದಿಲ್ಲವೇ ಎಂದೆ. ಕರೆಂಟು ಇದ್ದರೆ ಹತ್ತುತ್ತದೆ ಎಂದಳು. ಶಾವಿಗೆ, ಗೃಹಪ್ರವೇಶ, ಹಿತ್ತಾಳೆ ಪಾತ್ರೆ, ಎಲ್ಲದರ ತಳದಲ್ಲಿ ಇದ್ದದ್ದು ಈ ಒಂದು ಪ್ರಶ್ನೆ. ತುತ್ತು ನನ್ನ ಗಂಟಲಲ್ಲೂ ಇಳಿಯಲಿಲ್ಲ. ಆಕೆ ಮಂದಿಗೆ ಹೇಳಿದ್ದು ಅವತ್ತಿಗೆ ನಿಜವಾಯಿತು.

ಮರುದಿನ ಬೆಳಿಗ್ಗೆ ಬಾಬುಸಾಬನ ಅಂಗಡಿಗೆ ಹೋಗಿ, ನನಗೊಂದು ಅನುಮಾನ ಎಂದು ಕೇಳಿದೆ. ಅವನು ತಕ್ಷಣ ಹೇಳಲಿಲ್ಲ. ಸಂಜೆ ಬಂದು ಹೇಳುತ್ತೇನೆ ಎಂದ. ಸಂಜೆ ಬಂದವನು ನನಗೆ ಹೇಳಬೇಕಾದ್ದನ್ನು ಅಡುಗೆಮನೆಯ ಬಾಗಿಲಿಗೆ ಕೇಳುವ ಹಾಗೆ ಹೇಳಿದ.

"ಎಚ್ಚರ ಆಗ್ತೈತ್ರಿ. ಎಚ್ಚರ ಆದ ಕೂಡ್ಲೆ ನೀರು ಕೇಳ್ತಾರ. ನೀರು ಕೊಡಂಗಿಲ್ಲ, ಹತ್ತಿ ತೋಯಿಸಿ ತುಟಿಗೆ ಒರಸ್ತಾರ. ಅದಕ್ಕ ಸಿಟ್ಟು ಬಂದು ಬೈತಾರ. ನಮ್ಮ ಪೈಕಿ ಆದವರು ಎಲ್ಲಾರ ಮುಂದ ಗಂಡಗ ಬೈದ್ರು. ಬೈಯೋ ಅಷ್ಟು ಎಚ್ಚರ ಆಗ್ತೈತಿ ಅಂದ್ರ ಇನ್ನೇನು ಬೇಕ್ರಿ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆ ರಾತ್ರಿ ನೀಲಮ್ಮ ಉಂಡಳು. ಭಾನುವಾರ ಮಧ್ಯಾಹ್ನ ನಾನು ಕರೆಯುವ ಮೊದಲೇ ಬುತ್ತಿ ಕಟ್ಟಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಹತ್ತುವಾಗ ಚೀಲ ನನ್ನ ಕೈಗೆ ಕೊಡದೆ, ನೀವು ರೋಗಿ, ಭಾರ ಹೊರಬೇಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ತಾನೇ ಹೊತ್ತಳು.

ಆಸ್ಪತ್ರೆಯಲ್ಲಿ ನನಗೊಂದು ಸಂಗತಿ ಕಾದಿತ್ತು. ಆಪರೇಷನ್ನಿಗೆ ರಕ್ತ ಬೇಕು, ಮನೆಯವರದು ಕೂಡಿ ಬಂದರೆ ಒಳ್ಳೆಯದು ಎಂದರು. ಹಡಗಲಿಯಿಂದ ಬಂದಿದ್ದ ಮಗಳದು ಕೂಡಲಿಲ್ಲ, ನನ್ನದು ಕೂಡಿತು. ಸೂಜಿ ನೋಡಿದೆ. ಬಟ್ಟೆ ಹೊಲಿಯುವುದಲ್ಲ, ಗೋಣಿಚೀಲ ಹೊಲಿಯುವ ಸೂಜಿ ಎಂದೇ ಅನಿಸಿತು. ಆ ಕೋಣೆಗೆ ಕಿಟಕಿ ಇತ್ತು, ಆದರೆ ಸರಳು ಹಾಕಿದ್ದರು. ಕಣ್ಣು ಮುಚ್ಚಿ ಕೈ ಚಾಚಿದೆ. ಮುಗಿದ ಮೇಲೆ ಎದ್ದೆ, ನನ್ನ ಜೊತೆ ನೆಲವೂ ಎದ್ದಿತು. ಕಣ್ಣು ಬಿಟ್ಟಾಗ ನೀಲಮ್ಮನ ಮಂಚದ ಪಕ್ಕದ ಮಂಚದ ಮೇಲೆ ನನ್ನನ್ನು ಮಲಗಿಸಿದ್ದರು. ಆಕೆ ಎದ್ದು ಕೂತು ನನಗೆ ಗಾಳಿ ಬೀಸುತ್ತಿದ್ದಳು. "ಹೆದರಬ್ಯಾಡ್ರಿ, ಎಚ್ಚರ ಆಗ್ತೈತಿ" ಎಂದಳು.

ಸೋಮವಾರ ಆಪರೇಷನ್ ಸರಿಯಾಗಿ ಆಯಿತು. ಮಧ್ಯಾಹ್ನ ನೀಲಮ್ಮ ಕಣ್ಣು ಬಿಟ್ಟಳು, ನೀರು ಕೇಳಿದಳು. ಕೊಡುವ ಹಾಗಿಲ್ಲ ಎಂದು ಹತ್ತಿ ತೋಯಿಸಿ ತುಟಿಗೆ ಒರೆಸಿದೆ. ಮಗಳು, ಅಳಿಯ, ನರ್ಸು, ಎಲ್ಲರ ಮುಂದೆ ನನಗೆ ಬೈದಳು. ಹಾಗೆ ಬೈಸಿಕೊಂಡು ಕಣ್ಣು ಒರೆಸಿಕೊಂಡ ಗಂಡಸು ಕೊಟ್ಟೂರಿನಲ್ಲಿ ಇನ್ನೊಬ್ಬ ಇರಲಾರ ಎಂದು ಅವತ್ತು ತಿಳಿದಿದ್ದೆ.

ಊರಿಗೆ ಬಂದ ಮೇಲೆ ಮನೆಯಲ್ಲಿ ನೀರಿಲ್ಲ. ಮಗಳು ಅಡುಗೆ ಮಾಡಿದರೆ ನೀರು ನಾನೇ ತರಬೇಕಾಯಿತು. ಬೀದಿ ನಳದ ಹತ್ತಿರ ಹೆಂಗಸರ ಸಾಲಿನಲ್ಲಿ ನನ್ನ ಕೊಡವನ್ನೂ ಇಟ್ಟು, ಪಾಳಿ ಬಂದಾಗ ತುಂಬಿ ಹೆಗಲಿಗೆ ಏರಿಸಿದೆ. ಹಿಂದೆ ನಿಂತಿದ್ದ ಮಾಬೂಬಿ ಬಹಳ ಗಂಭೀರವಾಗಿ ಹೇಳಿದಳು.

"ಅಣ್ಣಾರ, ಆಪರೇಷನ್ ಆದವರು ಕೊಡ ಎತ್ತಬಾರದು. ನಮ್ಮನಿಯವರ ಕೂಡ ಹೇಳಿ ಕಳಿಸಿದ್ದೆನಲ್ಲ."

ಕೊಡ ಹೆಗಲ ಮೇಲೇ ನಿಂತಿತು, ನಾನೂ ನಿಂತೆ. ಹಿಂದೊಮ್ಮೆ ಮಾಬೂಬಿ ಎರಡು ತಿಂಗಳು ತವರಿಗೆ ಹೋಗಿದ್ದು, ಆಗ ಬಾಬುಸಾಬ್ ಇದೇ ನಳದಲ್ಲಿ ಕೊಡ ಹೊತ್ತದ್ದನ್ನು ನಾನು ಗಿರಣಿಯ ಬಾಗಿಲಲ್ಲಿ ನಿಂತು ನೋಡಿ ನಕ್ಕಿದ್ದು, ಎಲ್ಲ ನೆನಪಾಯಿತು. ಬಾಬುಸಾಬ್ ಹೇಳಿದ ಆ 'ನಮ್ಮ ಪೈಕಿ ಒಬ್ಬರು' ಯಾರೆಂದು ಹೊಳೆಯಿತು. ಆಪರೇಷನ್ ನನಗಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಆ ಡಾಕ್ಟರಮ್ಮಂದು ಹೆರಿಗಿ ದವಾಖಾನಿ ಅಲ್ರಿ? ಅಲ್ಲಿ ಗಂಡಸರು ಮಂಚದ ಮ್ಯಾಲೆ ಮಲಗಬೇಕಂದ್ರ ಅಲ್ಲೇ ಹುಟ್ಟಬೇಕು."

ಸಾಲಿನ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಗಿರಣಿಯಲ್ಲಿ ಅವತ್ತು ಒತ್ತಿಕೊಂಡದ್ದು ಯಾಕೆಂದು ಈಗ ತಿಳಿಯಿತು. ನಾನೂ ಅಲ್ಲಿ ಮಲಗಿದ್ದೆ ಎಂದು ಹೇಳೋಣವೆನಿಸಿತು, ಸೂಜಿಯ ಕಥೆ ಹೇಳಬೇಕಾಗುತ್ತದೆಂದು ಸುಮ್ಮನೆ ನೀರು ಹೊತ್ತು ಬಂದೆ.

ಈಗ ಗಿರಣಿಯಲ್ಲಿ ಯಾರಾದರೂ ಗಂಡಸು, ಒಂದು ಸಣ್ಣ ಆಪರೇಷನ್ ಐತಿ, ನನಗೇ, ಹೊಟ್ಟೆಯದು ಎಂದು ಎದೆಗೆ ಬೆರಳಿಟ್ಟು ತೋರಿಸಿದರೆ ನಾನು ಹೆಚ್ಚು ಕೇಳುವುದಿಲ್ಲ. ಹಿಟ್ಟು ಒಂದಿಷ್ಟು ಸಣ್ಣಗೆ ಬೀಸಿ ಕಳಿಸುತ್ತೇನೆ. ಮನೆಗೆ ಬಂದು ನೀಲಮ್ಮನಿಗೆ ಹೇಳುತ್ತೇನೆ. ಆಕೆ ಏನೇನು ಹೇಳಬೇಕೆಂದು ನನಗೆ ಬಾಯಿಪಾಠ ಮಾಡಿಸಿ ಕಳಿಸುತ್ತಾಳೆ. ಮೊನ್ನೆ ಹಾಗೆಯೇ ಕೂಡ್ಲಿಗಿ ರಸ್ತೆಯ ಟೈಲರನ ಮನೆಗೆ ಹೋಗಿ, ನೆಲ ನೋಡುತ್ತ ಎಲ್ಲ ಒಪ್ಪಿಸಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾನ್ಯಾಕ ಕೊಡ ಎತ್ತಲಿ" ಎಂದ.

ಎತ್ತುತ್ತೀಯ ತಮ್ಮಾ, ಎತ್ತುತ್ತೀಯ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅವನ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿ, ನೀರು ಕೇಳುವ ಸಂಗತಿಯನ್ನು ಗಿರಣಿಯ ದನಿಯಲ್ಲಿ ಇನ್ನೊಮ್ಮೆ ಹೇಳಿದೆ.