ಪಾಲಹಳ್ಳಿಯ ಕನ್ನಡಿ ರೂಪಾಯಿ

ಕೊಳ್ಳಬೇಕೆಂದಿರುವ ವಸ್ತುವನ್ನು ಹೊಗಳಬಾರದು ಎಂಬುದು ನಮ್ಮ ಕಡೆ ಅಕ್ಷರಾಭ್ಯಾಸಕ್ಕೂ ಮೊದಲು ಕಲಿಸುವ ಪಾಠ. ನಮ್ಮ ತಂದೆ ಶ್ರೀರಂಗಪಟ್ಟಣದ ಸಂತೆಯಲ್ಲಿ ಎಳೇ ಬದನೆಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಇದನ್ನೂ ಜನ ತಿಂತಾರೇನಮ್ಮ?’ ಎಂದು ಕೇಳಿ, ಆಮೇಲೆ ಚೀಲ ತುಂಬ ಹಾಕಿಸಿಕೊಂಡು ಬರುತ್ತಿದ್ದರು. ಮನೆಯ ಹೊಸಿಲು ದಾಟಿದ್ದೇ ತಡ, ಅದೇ ಕಾಯಿ ‘ಬೆಣ್ಣೆ ಕಣೇ, ಬೆಣ್ಣೆ’ ಆಗುತ್ತಿತ್ತು. ನನ್ನ ಬಾಲ್ಯದ ಗೆಳೆಯ, ಅಕ್ಕಿಹೆಬ್ಬಾಳಿನ ಬೋರೇಗೌಡ, ಎತ್ತು ಕೊಳ್ಳಲು ಹೋದರೆ ಎತ್ತು ತಲೆ ತಗ್ಗಿಸುವ ಹಾಗೆ ಮಾತಾಡುತ್ತಾನೆ. ಕೊಂಬು ವಾರೆ, ಸುಳಿ ಸರಿಯಿಲ್ಲ, ನಡಿಗೆಯಲ್ಲಿ ಗತ್ತಿಲ್ಲ. ಅಷ್ಟೆಲ್ಲ ಅಂದು ಸಂಜೆ ಅದೇ ಎತ್ತಿನ ಹಗ್ಗ ಹಿಡಿದು ಊರು ಸೇರುತ್ತಾನೆ. ಮದುವೆಗೆ ಮುಂಚೆ ನಾನು ಸರೋಜಳನ್ನು ನೋಡಲು ಹೋದಾಗಲೂ ನಮ್ಮ ಸೋದರತ್ತೆ ದಾರಿಯುದ್ದಕ್ಕೂ ‘ಹಲ್ಲು ಬಿಡಬೇಡ, ಮುಖ ಗಂಟು ಹಾಕಿಕೊಂಡು ಕೂತ್ಕೋ’ ಎಂದು ಹೇಳಿಕೊಟ್ಟಿದ್ದರು. ಹಾಗೆಯೇ ಕೂತೆ. ಆ ಗಂಟು ಇನ್ನೂ ಬಿಚ್ಚಿಲ್ಲ ಎಂಬುದು ಸರೋಜಳ ದೂರು.

ಪಾಂಡವಪುರದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತನಾದ ಮೇಲೆ ಈ ಗಂಟುಮುಖವನ್ನು ನಾನು ನಾಣ್ಯಗಳ ಮೇಲೆ ಪ್ರಯೋಗಿಸತೊಡಗಿದೆ. ನಾಣ್ಯಪ್ರಿಯರ ವಾಟ್ಸಾಪ್ ಬಳಗವೊಂದಿದೆ. ಅಲ್ಲಿ ನಾನು ಪ್ರೂಫ್ ನಾಣ್ಯಗಳ ಪಂಡಿತ. ಪ್ರೂಫ್ ಎಂದರೆ ಸಂತೆಗೆ ಹೋಗದ ರೂಪಾಯಿ. ಅಚ್ಚನ್ನು ತಿಕ್ಕಿ ಹೊಳಪು ಬರಿಸಿ, ಒಂದೊಂದನ್ನೇ ಮುತುವರ್ಜಿಯಿಂದ ಒತ್ತಿ, ದೊಡ್ಡ ಮನುಷ್ಯರಿಗೆ ತೋರಿಸಲೆಂದೇ ಟಂಕಸಾಲೆಯವರು ಮಾಡುತ್ತಿದ್ದದ್ದು. ಬಯಲೆಲ್ಲ ಕನ್ನಡಿ, ನಡುವೆ ರಾಜನ ತಲೆ ಮಾತ್ರ ಇಬ್ಬನಿ ಕೂತ ಹಾಗೆ ಬೆಳ್ಳಗೆ. ಇಂಥದ್ದನ್ನು ಕೊಳ್ಳುವಾಗ ಇಸವಿ, ತೂಕ ನೋಡಿದರೆ ಸಾಲದು, ಅದು ಕಣ್ಣಿಗೆ ಎಷ್ಟು ಹಿಡಿಸುತ್ತದೆ ಎಂದು ತೂಗಬೇಕು. ಬಳಗದವರು ಅದಕ್ಕೆ ಐ ಅಪೀಲ್ ಎಂದರೆ ನಾನು ‘ಕಣ್ಸೆಳೆತ’ ಎಂದು ಹೆಸರಿಟ್ಟು, ಆ ಪದ ಬಳಸದವರ ಮೇಲೆ ಸಿಡುಕುತ್ತಿದ್ದೆ. ಕೆ.ಆರ್. ಪೇಟೆಯಲ್ಲಿ ಒಬ್ಬರು ತೋರಿಸಿದ ನಾಣ್ಯಕ್ಕೆ ಪದಕದ ಕೊಂಡಿ ಬೆಸೆದಿತ್ತು, ತಿರಸ್ಕರಿಸಿದೆ. ನಾಗಮಂಗಲದಲ್ಲಿ ಇನ್ನೊಬ್ಬರದ್ದು ಹಬ್ಬದ ತಂಬಿಗೆಯಂತೆ ಥಳಥಳ ಹೊಳೆಯುತ್ತಿತ್ತು. ‘ಸ್ವಾಮಿ, ಇದು ಪ್ರೂಫ್ ಅಲ್ಲ, ಹುಣಸೆಹಣ್ಣು’ ಎಂದೆ. ಆ ಮಾತು ಬಳಗದಲ್ಲಿ ಗಾದೆಯಾಯಿತು. ಆದರೆ ಇಷ್ಟೆಲ್ಲ ತೀರ್ಪು ಕೊಟ್ಟ ನನ್ನ ಬಳಿ ಒಂದೇ ಒಂದು ಪ್ರೂಫ್ ನಾಣ್ಯವೂ ಇರಲಿಲ್ಲ. ಅಡುಗೆಯನ್ನೇ ಮಾಡದೆ ಉಪ್ಪು ಕಡಿಮೆ ಎನ್ನುವ ಗಂಡಸಿನ ಸ್ಥಿತಿ. ಯಾವತ್ತಾದರೂ ಒಬ್ಬ ಕಿಡಿಗೇಡಿ ‘ಮೇಷ್ಟ್ರೇ, ನಿಮ್ಮದೊಂದು ತೋರಿಸಿ’ ಎಂದುಬಿಟ್ಟರೆ ಏನು ಗತಿ ಎಂಬ ಅಳುಕು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೀಗಿರುವಾಗ ಬೋರೇಗೌಡ ಸುದ್ದಿ ತಂದ. ಪಾಲಹಳ್ಳಿಯಲ್ಲಿ ಅವನ ಬೀಗರ ಪೈಕಿ ಚಿಕ್ಕತಾಯಮ್ಮ ಅಂತ, ಹಸು ಸಾಕಿ ಡೇರಿಗೆ ಹಾಲು ಹಾಕುವವರು. ಅವರ ಮಾವನ ತಂದೆ ಕನ್ನಂಬಾಡಿ ಕಟ್ಟೆ ಕಟ್ಟುವಾಗ ಯಾರೋ ಬಿಳಿ ದೊರೆಯ ಬಳಿ ಕೆಲಸಕ್ಕಿದ್ದರಂತೆ. ದೊರೆ ಊರಿಗೆ ಹೋಗುವಾಗ ಮಕಮಲ್ಲಿನ ಡಬ್ಬಿಯಲ್ಲಿ ಒಂದು ರೂಪಾಯಿ ಕೊಟ್ಟು, ಇದನ್ನು ಮುಟ್ಟಬೇಡ ಎಂದು ಹೇಳಿ ಹೋದನಂತೆ. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಮುಟ್ಟಿಲ್ಲ. ಆಯುಧಪೂಜೆಗೆ ಡಬ್ಬಿಯ ಮೇಲೊಂದು ಹೂವಿಟ್ಟು ಮತ್ತೆ ಪೆಟ್ಟಿಗೆಗೆ ಹಾಕುತ್ತಾರೆ. ಈಗ ಕೊಟ್ಟಿಗೆಯ ನೆಲದಲ್ಲಿ ಸೀಮೆಹಸು ಜಾರುತ್ತದೆಂದು ರಬ್ಬರ್ ಹಾಸು ಹಾಕಿಸಬೇಕಾಗಿದೆ, ಅದಕ್ಕೇ ಮಾರುತ್ತಾರೆ. ಸಾಮ್ರಾಜ್ಯಗಳ ಪತನದ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಹಸುವಿನ ಕಾಲಡಿಗೆ ಬಂದು ನಿಲ್ಲುವ ಸಾಮ್ರಾಜ್ಯದ ಬಗ್ಗೆ ಯಾವ ಪಠ್ಯದಲ್ಲೂ ಓದಿರಲಿಲ್ಲ.

ಶುಕ್ರವಾರ ಇಬ್ಬರೂ ಹೋದೆವು. ನಾನು ಭೂತಗನ್ನಡಿ, ಟಾರ್ಚು, ಬಿಳಿಯ ಕೈಗವಸು ಎಲ್ಲ ಇಟ್ಟುಕೊಂಡಿದ್ದೆ. ಚಿಕ್ಕತಾಯಮ್ಮ ಜಗಲಿಯಲ್ಲಿ ಚಾಪೆ ಹಾಸಿ ಡಬ್ಬಿ ತಂದಿಟ್ಟರು. ಕೈಗವಸು ತೊಟ್ಟು ಮುಚ್ಚಳ ತೆಗೆದೆ. ನಿಜ ಹೇಳುತ್ತೇನೆ, ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಅಂಚಿನಲ್ಲಿ ನೀಲಿಯೂ ಹೊನ್ನೂ ಬೆರೆತ ತೆಳುವಾದ ಬಣ್ಣ ಕಟ್ಟಿತ್ತು, ತಲೆಯ ಸುತ್ತಿನ ಬಯಲಲ್ಲಿ ನನ್ನ ಮೂಗೇ ಕಾಣುತ್ತಿತ್ತು, ಒಂದು ಗೆರೆಯಿಲ್ಲ, ಕಲೆಯಿಲ್ಲ. ನೂರು ವರ್ಷದಿಂದ ನನಗಾಗಿಯೇ ಉಸಿರು ಬಿಗಿಹಿಡಿದು ಕಾದಿರುವಂತಿತ್ತು. ತಕ್ಷಣ ಮುಖ ಗಂಟು ಹಾಕಿಕೊಂಡೆ. ‘ಹ್ಞೂಂ’ ಎಂದೆ. ‘ಅಂಚು ಮಾಸಿದೆ. ರಾಜನ ತಲೆ ಬೋಳು. ಕಣ್ಸೆಳೆತ ಸಾಲದು’ ಎಂದು ಶುರುಮಾಡಿ, ಪ್ರೂಫ್ ನಾಣ್ಯದ ಮೇಲೆ ಒಂದು ಬೆರಳು ಬಿದ್ದರೂ ಅದರ ಕತೆ ಮುಗಿದ ಹಾಗೆ, ಆಮೇಲೆ ಒರೆಸಲೂಬಾರದು, ತಿಕ್ಕಲೂಬಾರದು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಚಿಕ್ಕತಾಯಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು. ಅಷ್ಟರಲ್ಲಿ ತಟ್ಟೆಯಲ್ಲಿ ಕೋಡುಬಳೆ ಬಂತು. ನಾಣ್ಯವನ್ನು ಡಬ್ಬಿಗಿಟ್ಟು, ಗವಸು ಕಳಚಿ, ಕೋಡುಬಳೆ ತಿನ್ನುತ್ತಲೇ ಇನ್ನೂ ನಾಲ್ಕು ದೋಷ ಹೇಳಿದೆ. ಬೋರೇಗೌಡ ಮೆಚ್ಚುಗೆಯಿಂದ ತಲೆದೂಗುತ್ತಿದ್ದ. ಕೊನೆಗೆ ಆಕೆ ಡಬ್ಬಿಯ ಮುಚ್ಚಳ ಹಾಕಿ ಎದ್ದೇಬಿಟ್ಟರು.

‘ಬ್ಯಾಡ್ವಾದ್ರೆ ಬುಡಿ ಮೇಷ್ಟ್ರೇ. ಇಷ್ಟ್ ಕೆಟ್ಟದ್ನ ನಿಮ್ ತಲೆಗೆ ಕಟ್ಟಿ ನಾನ್ಯಾಕೆ ಪಾಪ ಕಟ್ಕಳನ? ಪೆಟ್ಟಿಗೇಲೇ ಇರ್ಲಿ.’

‘ಇರಿ ಇರಿ, ಇನ್ನೊಂದ್ಸಲ ನೋಡ್ತೀನಿ, ಕೊಡಿ’ ಎಂದು ಎದ್ದು ನಿಂತೆ. ಆಕೆ ಮುಚ್ಚಳ ತೆಗೆದು ಡಬ್ಬಿಯನ್ನು ನನ್ನೆದುರು ಚಾಚಿ, ‘ಸುಕ್ರವಾರ, ಲಕ್ಷ್ಮಿ ಕಣಪ್ಪ, ಬಲಗೈಲಿ ತಗಳಿ’ ಎಂದರು.

ಮುಂದಿನದ್ದು ನಾನು ಮಾಡಿದ್ದಲ್ಲ, ನನ್ನ ವಂಶ ಮಾಡಿದ್ದು. ನಮ್ಮದು ದೇವಸ್ಥಾನದ ಮನೆತನ. ಲಕ್ಷ್ಮಿ ಎಂಬ ಶಬ್ದ ಕಿವಿಗೆ ಬಿದ್ದು, ಬೆಳ್ಳಿ ಬಲಗೈಗೆ ಬಂದರೆ ತಲೆ ಕೆಲಸ ಮಾಡುವುದಿಲ್ಲ. ಬಸ್ಸಿನ ಕಂಡಕ್ಟರು ಕೊಡುವ ಚಿಲ್ಲರೆಯನ್ನೇ ಕಣ್ಣಿಗೊತ್ತಿಕೊಂಡು ಜೇಬಿಗಿಡುವವನು ನಾನು. ಕೋಡುಬಳೆಯ ಎಣ್ಣೆ ಮೆತ್ತಿದ ಬರಿಗೈಯಲ್ಲಿ ನಾಣ್ಯವನ್ನೆತ್ತಿ, ಹೆಬ್ಬೆರಳಿಂದ ಗಟ್ಟಿಯಾಗಿ ಹಿಡಿದು, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಭಕ್ತಿಯಿಂದ ಒತ್ತಿಕೊಂಡೆ. ಕಣ್ಣು ಬಿಟ್ಟಾಗ ಬೋರೇಗೌಡನ ಬಾಯಿ ತೆರೆದಿತ್ತು. ಕನ್ನಡಿಯ ಬಯಲಲ್ಲಿ, ರಾಜನ ಮೂಗಿನ ಮುಂದೆಯೇ, ನನ್ನ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿ ಕೂತಿತ್ತು.

ಚಿಕ್ಕತಾಯಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ‘ಅಲ್ಲ ಮೇಷ್ಟ್ರೇ, ಚೆನ್ನಾಗಿಲ್ದೆ ಇರೋದ್ನ ಯಾರಾದ್ರೂವೆ ಇಂಗೆ ಕಣ್ಗೊತ್ಕತಾರಾ?’ ಎಂದು ಕೇಳಿದರು. ಮತ್ತೆ, ‘ಬೆರಳು ಬಿದ್ರೆ ಅದ್ರ ಕತೆ ಮುಗೀತು ಅಂತ ನೀವೇ ಏಳುದ್ರಲ್ಲ?’ ಎಂದರು.

ನಾನು ಬೋರೇಗೌಡನ ಮುಖ ನೋಡಿದೆ. ಚೌಕಾಸಿಯಲ್ಲಿ ನನ್ನ ಗುರು ಅವನು, ಏನಾದರೂ ದಾರಿ ತೋರಿಸಿಯಾನು ಎಂಬ ಆಸೆ. ಅವನು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ‘ಎತ್ತಿನ ಕಾಲು ಮುರ್ದೋನೇ ಎತ್ತ ಒಡ್ಕಂಡ್ ಓಗ್ಬೇಕು ಕಣ್ಲಾ. ಮಾತಾಡ್ದೆ ತಗಳ್ಲಾ’ ಎಂದ. ಆಕೆ ಹೇಳಿದಷ್ಟನ್ನೂ ಕೊಟ್ಟು, ನಾನೇ ಹಾಳುಮಾಡಿದ್ದನ್ನು ನಾನೇ ಕೊಂಡುಕೊಂಡು ಬಂದೆ. ಹೊರಡುವಾಗ ಆಕೆ ಕಾಗದದಲ್ಲಿ ಕಟ್ಟಿಕೊಟ್ಟ ಕೋಡುಬಳೆಯನ್ನು ಬಸ್ಸಿನಲ್ಲಿ ಬೋರೇಗೌಡನೊಬ್ಬನೇ ತಿಂದ.

ಮನೆಯಲ್ಲಿ ಸರೋಜ ಎಲ್ಲವನ್ನೂ ಸಮಾಧಾನವಾಗಿ ಕೇಳಿ, ‘ನನ್ನ ನೋಡೋಕೆ ಬಂದಾಗ ಹಾಕಿದ್ದ ಗಂಟು, ಒಂದು ರೂಪಾಯಿಗೆ ಬಿಚ್ಚಿಹೋಯ್ತಾ?’ ಎಂದಳು. ಆ ಗುರುತನ್ನು ಆಗಲೇ ತೆಗೆಯುವ ಉಪಾಯ ಬಳಗದಲ್ಲಿ ಯಾರಿಗಾದರೂ ಗೊತ್ತಿತ್ತೋ ಏನೋ. ಕೇಳಿದರೆ ಬೆರಳು ಯಾರದ್ದೆಂದು ಹೇಳಬೇಕಾಗುತ್ತಿತ್ತು. ಒರೆಸಬಾರದು ಎಂಬುದು ನನ್ನದೇ ಶಾಸನ. ಹಾಗಾಗಿ ಮುಟ್ಟದೆ ಬಿಟ್ಟೆ. ದಿನ ಕಳೆದಂತೆ ಎಣ್ಣೆಯ ಗುರುತು ಕಂದಾಗಿ, ಕಂದು ಕಪ್ಪಾಗಿ, ಬೆಳ್ಳಿಯಲ್ಲೇ ಬೇರು ಬಿಟ್ಟಿತು.

ಕೊನೆಗೂ ಬಳಗದಲ್ಲಿ ಒಬ್ಬರು ಆ ಮಾತು ಕೇಳಿಯೇ ಕೇಳಿದರು. ‘ಮೇಷ್ಟ್ರೇ, ನಿಮ್ಮ ಸಂಗ್ರಹದ್ದೊಂದು ಪ್ರೂಫ್ ತೋರಿಸಿ.’ ಬೇರೆ ದಾರಿಯಿಲ್ಲದೆ ಚಿತ್ರ ಹಾಕಿದೆ. ‘ಆಹಾ, ಎಂಥ ಕಣ್ಸೆಳೆತ!’ ಎಂದು ನನ್ನದೇ ಪದದಲ್ಲಿ ಹೊಗಳಿ, ‘ಆದರೆ ಮೂಗಿನ ಮುಂದೆ ಯಾವನೋ ಅವಿವೇಕಿ ಬೆರಳಿಟ್ಟಿದ್ದಾನಲ್ಲ ಸಾರ್’ ಎಂದು ಮರುಗಿದರು. ನಾನು ಕನ್ನಡಕ ಏರಿಸಿಕೊಂಡು, ‘ಹೌದು, ಏನು ಮಾಡೋದು, ಹಿಂದಿನವರಿಗೆ ತಿಳಿವಳಿಕೆ ಇರಲಿಲ್ಲ’ ಎಂದು ಬರೆದು, ನಾಣ್ಯ ಹಿಡಿಯುವ ಕ್ರಮದ ಬಗ್ಗೆ ಉದ್ದನೆಯ ಟಿಪ್ಪಣಿಯನ್ನೂ ಹಾಕಿದೆ. ಬಳಗದವರೆಲ್ಲ ಅದಕ್ಕೆ ಸಾಲುಸಾಲಾಗಿ ಹೆಬ್ಬೆರಳು ಎತ್ತಿ ತೋರಿಸಿದರು. ನನ್ನದು ಮಾತ್ರ ನಾಣ್ಯದ ಮೇಲೇ ಇತ್ತು.