ತೇಪೆಗೊಂದು ತುಂಡು ಬಟ್ಟೆ

ಸೂಜಿ ಹೆಂಗಸರ ಆಯುಧವೆಂದು ಯಾವ ಶಾಸನದಲ್ಲಿ ಕೆತ್ತಿದೆ? ಶಾಲೆ ತೆರೆಯುವ ಮುನ್ನಾದಿನ, ಭಾನುವಾರ ಬೆಳಿಗ್ಗೆ, ಪುಣೆಯ ನಮ್ಮ ಎರಡು ಕೋಣೆಗಳ ಸಾಮ್ರಾಜ್ಯದಲ್ಲಿ ನಾನು ಘೋಷಣೆ ಹೊರಡಿಸಿದೆ: ಮಗಳು ಶಿವಾನಿಯ ಶಾಲೆಯ ನೀಲಿ ಪ್ಯಾಂಟಿನ ಮೊಣಕಾಲಿಗೆ ಬಿದ್ದ ತೂತುಗಳನ್ನು ಈ ಸಲ ಅವಳಪ್ಪನೇ ಮುಚ್ಚತಕ್ಕದ್ದು!

ನನ್ನ ಗಂಡ ಬಸವಲಿಂಗ ಚಾಕಣದ ಕಾರ್ಖಾನೆಯಲ್ಲಿ ವಾರವಿಡೀ ಕಾರಿನ ಬಿಡಿಭಾಗಗಳನ್ನು ತಪಾಸಣೆ ಮಾಡುವವರು. ಪ್ಯಾಂಟನ್ನು ಎತ್ತಿ ಹಿಡಿದು, ತೂತಿನೊಳಗಿಂದ ನನ್ನನ್ನೇ ನೋಡಿದರು.

"ತ್ಯಾಪಿ ಹಚ್ಚಾಕ ಬಟ್ಟಿ ಎಲ್ಲದ?"

"ಯಾಕ್ರೀ, ಅದನ್ನೂ ನಾನ ಹುಡುಕಬೇಕೇನು?"

"ಬ್ಯಾಡ ಬಿಡು. ನಿನ್ನ ನೀಲಿ ಇಳಕಲ್ ಸೀರಿ ಕಪಾಟಿನ್ಯಾಗ ಅದ. ಒಂದ ಮೂಲಿ ಸಾಕು."

ನಾನೇ ಹುಡುಕಲು ಎದ್ದೆ!

ಅಡುಗೆಮನೆಯ ಬಾಗಿಲ ಹಿಂದೆ ಸೀರೆ ಅಂಗಡಿಯ ಕೆಂಪು ಚೀಲ ನೇತಾಡುತ್ತಿತ್ತು. ಪಾತ್ರೆ ತೊಳೆಯುವ ಚಂದಮ್ಮನಿಗೆ ಎರಡು ವಾರದ ಹಿಂದೆ ಹಳೆ ಬಟ್ಟೆ ತುಂಬಿ ನಾನೇ ಕೊಟ್ಟ ಚೀಲ. ಇನ್ನೂ ಒಯ್ದೇ ಇಲ್ಲ! ಮಹಾದಾನಿಗಳಿಗೆ ಮಾತ್ರ ಆಗುವಂಥ ನೋವು ನನಗಾಯಿತು.

ಒಳಗೊಂದು ನೀಲಿ ಲಂಗ. ಬಣ್ಣ ಪ್ಯಾಂಟಿಗೆ ಹೇಳಿ ಮಾಡಿಸಿದ ಜೋಡಿ! ಗಂಜಿ ಕೂಡ ಹೋಗಿಲ್ಲ. ಇಂಥದ್ದನ್ನೂ ಕೊಟ್ಟುಬಿಟ್ಟೆವಲ್ಲ, ಎಂಥ ಉದಾರ ಸಂಸಾರ ನಮ್ಮದು! ಅಂಚಿನ ಸುತ್ತ ನಾಲ್ಕು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿದಿದ್ದರು. ಅಷ್ಟು ಬಟ್ಟೆ ಒಳಗೆ ಸುಮ್ಮನೆ ಕೂತು ಏನು ಮಾಡುತ್ತದೆ? ಹೊಲಿಗೆ ಬಿಚ್ಚಿ ಕಚಕ್ಕನೆ ಎರಡು ತುಂಡು ಕತ್ತರಿಸಿದೆ. ಲಂಗ ಲಂಗವಾಗಿಯೇ ಉಳಿಯಿತು. ಚಂದಮ್ಮನ ಮಗಳಿಗೆ ಅಷ್ಟು ಸಾಕು!

ಬಸವಲಿಂಗ ಅಳತೆಪಟ್ಟಿ ಇಟ್ಟು ಹೊಲಿದರು. ನಾನು ಫೋಟೋ ತೆಗೆದು ಗೆಳತಿಯರ ಗುಂಪಿಗೆ ಹಾಕಿದೆ: "ಹೊಲಿಗೆ: ಗಂಡ. ಮಾರ್ಗದರ್ಶನ: ನಾನು." ಚಪ್ಪಾಳೆಯ ಸುರಿಮಳೆ!

ಮಧ್ಯಾಹ್ನ ಚಂದಮ್ಮ ನಾಲ್ಕನೇ ಮಹಡಿಯ ಕೆಲಸ ಮುಗಿಸಿ ಬಂದವಳೇ ಬಾಗಿಲ ಹಿಂದೆ ಕೈಹಾಕಿದಳು.

"ಮುಂಜಾನಿ ಚೀಲ ಇಲ್ಲೇ ಹಾಕಿ ಹೋಗಿದ್ನಲ್ರಿ ಅಕ್ಕೋರೆ. ನಮ್ಮ ಭಾಗ್ಯಾನ ಸಾಲಿ ಲಂಗ ಅದ ಅದರಾಗ. ನಾಳಿ ಹಾಕ್ಕೊಂಡು ಹೋಗ್ಬೇಕು."

ಹಳೆ ಬಟ್ಟೆಗಳನ್ನು ಅವಳು ಅಂದೇ ಒಯ್ದಿದ್ದಳು. ಚೀಲ ಈಗ ಅವಳದು.

ಲಂಗ ಬಿಡಿಸಿದಳು. ಅಂಚಿನುದ್ದಕ್ಕೂ ಹರಿದಾಡಿದ ಅವಳ ಬೆರಳು ಒಂದು ಕಡೆ ನಿಂತಿತು.

"ಇಲಿ ಕಡದಾವೇನ್ರಿ?"

ಆಹಾ, ಇಲಿ! ಆ ಬಡಪಾಯಿಯ ಹೆಸರಿನಲ್ಲಿ ಪಾರಾಗಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ತೇಪೆಯ ಪ್ಯಾಂಟನ್ನೇ ತೊಟ್ಟು ಕುಣಿಯುತ್ತಿದ್ದ ಶಿವಾನಿ ಚಂದಮ್ಮನ ಮುಂದೆ ಮೊಣಕಾಲು ಚಾಚಿದಳು.

"ಇಲಿ ಅಲ್ಲ ಮಾವಶಿ, ಮಮ್ಮಿ! ನೋಡು, ಇಲ್ಲೇ ಅದ!"

"ಹಳೇದು ಅಂತ ತಿಳಕೊಂಡ್ನಿ ಚಂದಮ್ಮ... ಒಳಗಿನ ಬಟ್ಟಿ ಅಷ್ಟ... ಸುಮ್ನ ವೇಸ್ಟ್ ಇತ್ತಲ್ಲ..."

"ವೇಸ್ಟ್ ಅಲ್ರಿ. ಪೋರಿ ಎತ್ತರಾದಂಗ ಪ್ರತಿ ವರ್ಷ ಅದನ್ನ ಬಿಚ್ಚಿ ಇಳಸ್ತೀನ್ರಿ. ನೀವು ಕತ್ತರಿಸಿದ್ದು ಮುಂದಿನ ವರ್ಷದ ಲಂಗಾರಿ."

ಭೂಮಿ ಬಾಯಿ ಬಿಡಲಿ ಎಂದರೆ ನಮ್ಮದು ಎರಡನೇ ಮಹಡಿ.

"ಸಂಜಿಕೇ ಹೊಸಾದು ಕೊಡಸ್ತೀನಿ," ಎಂದೆ. "ಬ್ಯಾಡ ಬಿಡ್ರಿ" ಎನ್ನುತ್ತಾಳೇನೋ ಎಂದು ಕಾದದ್ದೂ ನಿಜ. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ.

"ಸಂಜಿಗೇನು, ಈಗ ತರಸ್ರಿ. ಎರಡ ಅಳತಿ ದೊಡ್ಡದು. ಇವತ್ತ ಅಂಚು ಒಳಗ ಮಡಚಿ ಮಡಿಕಿ ಹಾಕಬೇಕು." ಶಿವಾನಿಯ ಮೊಣಕಾಲಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಇದ್ಯಾರು ಹೊಲದಿದ್ರಿ?"

"ಇವರು," ಎಂದೆ ಸಣ್ಣ ದನಿಯಲ್ಲಿ.

"ಕೈ ಭಾಳ ಚಲೋ ಅದ. ಮಡಿಕಿ ಸಾಹೇಬ್ರ ಹಾಕ್ಲಿ, ನಾ ಕುಂತು ತೋರಸ್ತೀನಿ." ಸೆರಗು ಕೊಡವಿ ಕೂತೇಬಿಟ್ಟಳು. "ಅಷ್ಟೊತ್ತನಕ ನೀವು ಭಾಂಡೆ-ಪಾತ್ರಿ ತಿಕ್ರಿ ಅಕ್ಕೋರೆ. ಅದಕ್ಕ ಕತ್ತರಿ ಬೇಕಾಗಂಗಿಲ್ಲ."